ಅಮೆರಿಕದ ವೀಸಾ ಮತ್ತು ವಲಸೆ ವಕೀಲರು: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ದುಡಿಯಲು, ಮಕ್ಕಳ ಮನೆಗೆ ಬರಲು ಅಮೆರಿಕದ ಹಾದಿ ಹಿಡಿದ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇದನ್ನು ಬರೆದದ್ದು ವಕೀಲರಲ್ಲ, ಇದು ಕಾನೂನು ಸಲಹೆಯೂ ಅಲ್ಲ. ವಕೀಲರ ಮುಂದೆ ಕೂರುವ ಮೊದಲು ಏನೇನು ತಿಳಿದಿದ್ದರೆ ಒಳ್ಳೆಯದೋ ಅಷ್ಟನ್ನು ಬರೆದಿದ್ದೇನೆ. 2025ರಲ್ಲಿ ಅನೇಕ ನಿಯಮಗಳು ಹಠಾತ್ತನೆ ಬದಲಾದವು. ಹಾಗಾಗಿ ಅರ್ಜಿ ಕಳುಹಿಸುವ ದಿನ ಶುಲ್ಕವನ್ನೂ ಫಾರಂನ ಆವೃತ್ತಿಯನ್ನೂ ಸರ್ಕಾರದ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಓದುತ್ತಾ ಹೋದಂತೆ ಒಂದು ಮಾತು ಹಲವು ಕಡೆ ಬರುತ್ತದೆ: ಸಹಿ ನಿಮ್ಮದಾದರೆ ಜವಾಬ್ದಾರಿಯೂ ನಿಮ್ಮದು, ಆದ್ದರಿಂದ ಪ್ರತಿ ಕಾಗದದ ಪ್ರತಿಯೂ ನಿಮ್ಮ ಹತ್ತಿರ ಇರಲೇಬೇಕು.

ಪ್ರತಿಯೊಂದು ಅರ್ಜಿಗೂ ವಕೀಲರು ಬೇಕೇ?

ಬೇಡ. ಪ್ರವಾಸಿ ವೀಸಾಕ್ಕೆ ಡಿಎಸ್-160 ತುಂಬುವುದು, ಹತ್ತು ವರ್ಷದ ಗ್ರೀನ್ ಕಾರ್ಡ್ ನವೀಕರಿಸುವುದು, ಮನೆ ಬದಲಿಸಿದಾಗ ಎಆರ್-11 ಮೂಲಕ ಹೊಸ ವಿಳಾಸ ತಿಳಿಸುವುದು, ಇವನ್ನೆಲ್ಲ ಸ್ವಂತವಾಗಿ ಮಾಡಿಕೊಳ್ಳಬಹುದು. ವಿಳಾಸ ಬದಲಾದ 10 ದಿನಗಳೊಳಗೆ ತಿಳಿಸಬೇಕೆಂಬುದು ಕಾನೂನು. ಅದನ್ನು ಮರೆಯುವವರೇ ಹೆಚ್ಚು, ಮರೆತರೆ ಮುಖ್ಯ ನೋಟಿಸ್ ಹಳೆಯ ಮನೆಗೆ ಹೋಗಿ ಬೀಳುತ್ತದೆ.

ಯಾವಾಗ ವಕೀಲರು ಬೇಕೇ ಬೇಕು ಎಂಬುದಕ್ಕೆ ನಾನು ನಂಬುವ ಒಂದು ಅಳತೆಯಿದೆ. ಅರ್ಜಿಗಳಲ್ಲಿ ‘ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಅವಧಿ ಮೀರಿ ಉಳಿದಿದ್ದೀರಾ, ಅಧಿಕಾರಿಗೆ ಸುಳ್ಳು ಹೇಳಿದ್ದೀರಾ, ಅನುಮತಿಯಿಲ್ಲದೆ ಕೆಲಸ ಮಾಡಿದ್ದೀರಾ’ ಎಂಬ ಪ್ರಶ್ನೆಗಳ ಸಾಲೇ ಇರುತ್ತದೆ. ಅದರಲ್ಲಿ ಒಂದಕ್ಕಾದರೂ ‘ಹೌದು’ ಅನ್ನಬೇಕಾದರೆ, ಅಥವಾ ‘ಹೌದೋ ಅಲ್ಲವೋ’ ಎಂದು ಅನುಮಾನವಾದರೂ ಸಾಕು, ಅರ್ಜಿಯನ್ನು ಅಲ್ಲೇ ನಿಲ್ಲಿಸಿ ವಕೀಲರನ್ನು ಕಾಣಿ. ವಲಸೆ ನ್ಯಾಯಾಲಯದ ನೋಟಿಸ್, ಆಶ್ರಯ ಕೋರಿಕೆ, ಗ್ರೀನ್ ಕಾರ್ಡ್ ನಡುವೆ ಬಂದ ವಿಚ್ಛೇದನ, ಕೆಲಸ ಹೋದದ್ದು, ಇವೂ ಅದೇ ಪಟ್ಟಿಗೆ ಸೇರುತ್ತವೆ. ಉಳಿದ ಸಂದರ್ಭಗಳಲ್ಲಿ ಪೂರ್ತಿ ಕೇಸನ್ನು ಒಪ್ಪಿಸಬೇಕೆಂದಿಲ್ಲ. ದುಡ್ಡು ಕೊಟ್ಟು ಒಂದು ಗಂಟೆ ಮಾತಾಡಿ, ಅರ್ಜಿಯನ್ನು ನೀವೇ ತುಂಬಬಹುದು.

ವಲಸೆ ವಕೀಲರು ಅಂದರೆ ಯಾರು? ‘ಕನ್ಸಲ್ಟೆಂಟ್’ ಸಾಲದೇ?

ಅಮೆರಿಕದ ಯಾವುದಾದರೂ ಒಂದು ರಾಜ್ಯದಲ್ಲಿ ವಕೀಲಿಕೆಯ ಪರವಾನಗಿ ಇದ್ದವರು ದೇಶದ ಯಾವ ಮೂಲೆಯಲ್ಲಿರುವವರ ವಲಸೆ ಕೇಸನ್ನಾದರೂ ನಡೆಸಬಹುದು. ವಲಸೆ ಕಾನೂನು ಕೇಂದ್ರ ಸರ್ಕಾರದ್ದು, ರಾಜ್ಯಗಳದ್ದಲ್ಲ. ಟೆಕ್ಸಾಸ್‌ನಲ್ಲಿರುವ ನೀವು ನ್ಯೂಜೆರ್ಸಿಯ ವಕೀಲರನ್ನು ಹಿಡಿದರೆ ತಪ್ಪೇನೂ ಇಲ್ಲ.

ವಕೀಲರಲ್ಲದಿದ್ದರೂ ಸಲಹೆ ಕೊಡುವ ಅಧಿಕಾರವಿರುವ ಇನ್ನೊಂದು ವರ್ಗವಿದೆ. ನ್ಯಾಯ ಇಲಾಖೆಯಿಂದ ಮಾನ್ಯತೆ ಪಡೆದ ಪ್ರತಿನಿಧಿಗಳು ಮಾನ್ಯತೆಯುಳ್ಳ ಸೇವಾ ಸಂಸ್ಥೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಕೆಲಸ ಮಾಡಿಕೊಡುತ್ತಾರೆ. ಅವರಲ್ಲಿ ಕೆಲವರಿಗೆ ವಲಸೆ ಅರ್ಜಿಗಳನ್ನು ನೋಡುವ ಇಲಾಖೆಯ (ಯುಎಸ್‌ಸಿಐಎಸ್) ಮುಂದೆ ಮಾತ್ರ, ಕೆಲವರಿಗೆ ವಲಸೆ ನ್ಯಾಯಾಲಯದಲ್ಲೂ ವಾದಿಸಲು ಅನುಮತಿ ಇರುತ್ತದೆ.

ಇವರಿಬ್ಬರನ್ನು ಬಿಟ್ಟರೆ ಬೇರೆ ಯಾರೂ, ನೋಟರಿಯಾಗಲಿ, ಟ್ರಾವೆಲ್ ಏಜೆಂಟ್ ಆಗಲಿ, ತೆರಿಗೆ ಲೆಕ್ಕ ಬರೆಯುವವರಾಗಲಿ, ಕನ್ಸಲ್ಟೆಂಟ್ ಎಂದು ಬೋರ್ಡ್ ಹಾಕಿಕೊಂಡವರಾಗಲಿ, ನಿಮಗೆ ಯಾವ ಫಾರಂ ಸರಿ, ಯಾವ ಪ್ರಶ್ನೆಗೆ ಹೇಗೆ ಉತ್ತರಿಸಬೇಕು ಎಂದು ಹೇಳುವಂತಿಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಡಬಹುದು, ಅಷ್ಟೇ. ಹಾಗೆ ಬರೆದುಕೊಟ್ಟವರು ಫಾರಂನ ಕೊನೆಯಲ್ಲಿ ‘ತಯಾರಿಸಿದವರು’ ಎಂಬಲ್ಲಿ ತಮ್ಮ ಹೆಸರು ಬರೆದು ಸಹಿ ಹಾಕಬೇಕು. ‘ನನ್ನ ಹೆಸರು ಬೇಡ, ನೀವೇ ತುಂಬಿದ್ದು ಅಂತ ಇರಲಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಒಳ್ಳೆಯ ವಕೀಲರನ್ನು ಹುಡುಕುವುದು ಹೇಗೆ?

1946ರಲ್ಲಿ ಶುರುವಾದ ಅಮೆರಿಕನ್ ಇಮಿಗ್ರೇಷನ್ ಲಾಯರ್ಸ್ ಅಸೋಸಿಯೇಷನ್‌ ವಲಸೆ ವಕೀಲರ ಸಂಘ. ಎಲ್ಲರೂ ಅದನ್ನು ‘ಐಲಾ’ ಅನ್ನುತ್ತಾರೆ. ಊರು, ವಿಷಯ, ಭಾಷೆಯ ಪ್ರಕಾರ ವಕೀಲರನ್ನು ಹುಡುಕುವ ಸೌಲಭ್ಯ ಅದರ ವೆಬ್‌ಸೈಟಿನಲ್ಲಿದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲಾರಿಡಾ, ನಾರ್ತ್ ಕ್ಯಾರೊಲಿನಾದಂಥ ಕೆಲವು ರಾಜ್ಯಗಳು ವಲಸೆ ಕಾನೂನಿನಲ್ಲಿ ತಜ್ಞರೆಂದು ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತವೆ. ಹಣ ಹೊಂದಿಸಲಾಗದವರಿಗೆ ನ್ಯಾಯ ಇಲಾಖೆಯೇ ಉಚಿತ ಕಾನೂನು ನೆರವು ಕೊಡುವವರ ಪಟ್ಟಿಯನ್ನು ರಾಜ್ಯವಾರು ಪ್ರಕಟಿಸುತ್ತದೆ.

ಹೆಸರು ಸಿಕ್ಕ ಮೇಲೆ ಮಾಡಬೇಕಾದ ಕೆಲಸಕ್ಕೆ ಐದು ನಿಮಿಷ ಸಾಕು, ಆದರೂ ಹೆಚ್ಚಿನವರು ಮಾಡುವುದಿಲ್ಲ. ಆ ವಕೀಲರು ಯಾವ ರಾಜ್ಯದ ಪರವಾನಗಿ ಪಡೆದಿದ್ದಾರೆಂದು ಕೇಳಿ, ಆ ರಾಜ್ಯದ ಬಾರ್‌ನ (ವಕೀಲರ ಮಂಡಳಿಯ) ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕಿ. ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮವೇನಾದರೂ ನಡೆದಿದೆಯೇ ಎಂಬುದು ಅಲ್ಲೇ ಕಾಣುತ್ತದೆ. ವಲಸೆ ನ್ಯಾಯಾಲಯಗಳಿಂದ ಅಮಾನತಾದವರ ಪಟ್ಟಿಯನ್ನೂ ನ್ಯಾಯ ಇಲಾಖೆ ಇಟ್ಟಿದೆ.

ವಲಸೆ ವಕೀಲರೆಲ್ಲ ಒಂದೇ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಕಂಪನಿಗಳ ಪರವಾಗಿ ವರ್ಷಕ್ಕೆ ನೂರಾರು ಎಚ್-1ಬಿ (ಉದ್ಯೋಗ ವೀಸಾ) ಅರ್ಜಿ ಹಾಕುವವರು ವಲಸೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದಿರಬಹುದು. ಗೆಳೆಯರಿಗೆ ಅವರಿಂದ ಒಳ್ಳೆಯದಾಗಿದ್ದರೆ ಸಂತೋಷ, ಆದರೆ ಗೆಳೆಯರ ಕೇಸೂ ನಿಮ್ಮ ಕೇಸೂ ಒಂದೇ ಬಗೆಯದೇ ಎಂದು ಮೊದಲು ನೋಡಿ.

ಮೊದಲ ಭೇಟಿಗೆ ಏನೇನು ಒಯ್ಯಬೇಕು? ಏನು ಕೇಳಬೇಕು?

ಹಳೆಯದೂ ಸೇರಿದಂತೆ ಎಲ್ಲ ಪಾಸ್‌ಪೋರ್ಟ್‌ಗಳು, ಅರ್ಜಿ ತಲುಪಿದೆ, ಮಂಜೂರಾಗಿದೆ ಎಂದು ತಿಳಿಸುವ ಎಲ್ಲ ಐ-797 ನೋಟಿಸ್‌ಗಳು, ಎಷ್ಟು ದಿನ ಇರಬಹುದೆಂದು ಹೇಳುವ ಈಗಿನ ಐ-94, ವಿದ್ಯಾರ್ಥಿಯಾಗಿದ್ದರೆ ಕಾಲೇಜು ಕೊಟ್ಟ ಪ್ರತಿಯೊಂದು ಐ-20, ಮತ್ತು ಪೊಲೀಸ್ ಅಥವಾ ನ್ಯಾಯಾಲಯದ ಕಾಗದವಿದ್ದರೆ ಅದೂ ಜೊತೆಗಿರಲಿ. ಅಮೆರಿಕಕ್ಕೆ ಬಂದ, ಹೋದ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವಕೀಲರ ಅರ್ಧ ಗಂಟೆ ಉಳಿಯುತ್ತದೆ, ಅಂದರೆ ನಿಮ್ಮ ದುಡ್ಡೂ ಉಳಿಯುತ್ತದೆ.

ನಡೆದದ್ದನ್ನು ಪೂರ್ತಿ ಹೇಳಿ. ಕಕ್ಷಿದಾರ ವಕೀಲರಿಗೆ ಹೇಳಿದ್ದು ಗುಟ್ಟಾಗಿಯೇ ಉಳಿಯಬೇಕೆಂದು ಕಾನೂನು ಹೇಳುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಒಂದು ಹಳೆಯ ಸಂಗತಿ ಸಂದರ್ಶನದ ದಿನ ಅಧಿಕಾರಿಯ ಪರದೆಯ ಮೇಲೆ ಬಂದಾಗ ವಕೀಲರಿಗೂ ಏನೂ ಮಾಡಲಾಗುವುದಿಲ್ಲ.

ಕೇಳಬೇಕಾದದ್ದು ಇಷ್ಟು: ನನ್ನಂಥ ಕೇಸುಗಳನ್ನು ಎಷ್ಟು ನಡೆಸಿದ್ದೀರಿ? ನನ್ನ ಫೈಲನ್ನು ದಿನನಿತ್ಯ ನೋಡುವವರು ನೀವೋ, ಪ್ಯಾರಾಲೀಗಲ್ (ನಿಮ್ಮ ಸಹಾಯಕರು) ಅವರೋ? ಇದರಲ್ಲಿ ಎಲ್ಲಕ್ಕಿಂತ ದುರ್ಬಲವಾದ ಅಂಶ ಯಾವುದು? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ‘ಏನೂ ತೊಂದರೆಯಿಲ್ಲ, ನೂರಕ್ಕೆ ನೂರು ಆಗುತ್ತೆ’ ಅನ್ನುವವರಿಗಿಂತ ‘ಇಲ್ಲಿ ಅಧಿಕಾರಿ ಹಿಡಿದುಕೊಳ್ಳಬಹುದು’ ಎಂದು ಬೆರಳಿಟ್ಟು ತೋರಿಸುವವರನ್ನೇ ನಂಬಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಫಲಿತಾಂಶದ ಭರವಸೆ ಕೊಡುವ ಅಧಿಕಾರ ಯಾವ ವಕೀಲರಿಗೂ ಇಲ್ಲ.

ಫೀಸು ಹೇಗೆ? ಎಲ್ಲವನ್ನೂ ನಾನೇ ಕೊಡಬೇಕೇ?

ಹೆಚ್ಚಿನ ಅರ್ಜಿಗಳಿಗೆ ವಕೀಲರು ಒಟ್ಟಾರೆ ಇಷ್ಟು ಎಂದು ನಿಗದಿ ಮಾಡುತ್ತಾರೆ, ನ್ಯಾಯಾಲಯದ ಕೇಸುಗಳಿಗೆ ಗಂಟೆಯ ಲೆಕ್ಕವೂ ಇರಬಹುದು. ಸರ್ಕಾರದ ಶುಲ್ಕ ಬೇರೆ, ವಕೀಲರ ಫೀಸು ಬೇರೆ. ಒಪ್ಪಂದ ಬರಹದಲ್ಲಿರಲಿ. ಇಲಾಖೆ ಹೆಚ್ಚಿನ ದಾಖಲೆ ಕೇಳಿದರೆ ಅದಕ್ಕೆ ಉತ್ತರಿಸುವ ಕೆಲಸ ಇದೇ ಫೀಸಿನಲ್ಲಿ ಸೇರಿದೆಯೋ ಇಲ್ಲವೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ, ಜಗಳ ಬರುವುದು ಅಲ್ಲೇ. ನಗದು ಕೊಟ್ಟರೆ ರಸೀದಿ ಪಡೆಯಿರಿ.

ಉದ್ಯೋಗದ ಅರ್ಜಿಗಳಲ್ಲಿ ಯಾರು ಕೊಡಬೇಕೆಂಬುದನ್ನು ಕಾನೂನೇ ಹೇಳುತ್ತದೆ. ಗ್ರೀನ್ ಕಾರ್ಡಿನ ಮೊದಲ ಹಂತವಾದ, ಆ ಕೆಲಸಕ್ಕೆ ತಕ್ಕ ಅಮೆರಿಕದವರು ಸಿಗಲಿಲ್ಲವೆಂದು ತೋರಿಸುವ ಪರ್ಮ್‌ನ ಖರ್ಚನ್ನೂ ಅದರ ವಕೀಲರ ಫೀಸನ್ನೂ ಕಂಪನಿಯೇ ಭರಿಸಬೇಕು. ಆಮೇಲೂ ನೌಕರರಿಂದ ವಸೂಲಿ ಮಾಡುವಂತಿಲ್ಲ. ಎಚ್-1ಬಿ ಅರ್ಜಿಯ ಶುಲ್ಕವೂ ವಕೀಲರ ಖರ್ಚೂ ಕಂಪನಿಯ ವ್ಯವಹಾರದ ಖರ್ಚೇ. ಆಮೇಲಿನ ಐ-140 (ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ), ಐ-485 (ನೌಕರರೇ ಹಾಕುವ ಕೊನೆಯ ಅರ್ಜಿ) ಹಂತಗಳ ಖರ್ಚನ್ನು ನೌಕರರು ಕೊಡಬಹುದು. ‘ಎಚ್-1ಬಿ ಬೇಕಾದರೆ ಇಷ್ಟು ಸಾವಿರ ಡಾಲರ್ ಮೊದಲು ಕಟ್ಟು’ ಅನ್ನುವ ಕಂಪನಿ ಕಾನೂನು ಮುರಿಯುತ್ತಿದೆ. ಅಂಥ ಕಡೆ ಸೇರಿದ ಮೇಲೂ ಸುಖವಿರುವುದಿಲ್ಲ.

ಕಂಪನಿಯ ವಕೀಲರು ನನ್ನ ವಕೀಲರೂ ಹೌದಲ್ಲವೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಒಂದು ವಿಷಯ ತಿಳಿಯದೆ ವರ್ಷಗಳನ್ನು ಕಳೆದುಕೊಳ್ಳುವವರು ಬಹಳ ಮಂದಿ.

ವಕೀಲರು ಯಾರ ಪರ ಎಂಬುದನ್ನು ಜಿ-28 ಎಂಬ ಫಾರಂ ಹೇಳುತ್ತದೆ. ಎಚ್-1ಬಿ ಮತ್ತು ಐ-140ರಲ್ಲಿ ಅರ್ಜಿದಾರರು ಕಂಪನಿ, ನೀವಲ್ಲ. ವಕೀಲರ ಫೀಸು ಕೊಡುವವರೂ ಕಂಪನಿಯವರೇ. ಹೆಚ್ಚಿನ ಸಲ ಅವರು ಕಂಪನಿಯನ್ನೂ ನಿಮ್ಮನ್ನೂ ಒಟ್ಟಿಗೆ ಪ್ರತಿನಿಧಿಸುತ್ತಾರೆ, ಇಬ್ಬರ ಹಿತವೂ ಒಂದೇ ಆಗಿರುವವರೆಗೆ ಇದರಿಂದ ತೊಂದರೆಯಿಲ್ಲ. ಕೆಲಸ ಬದಲಿಸಬೇಕೆಂದುಕೊಂಡ ದಿನ, ಕಂಪನಿ ಜನರನ್ನು ತೆಗೆಯತೊಡಗಿದ ದಿನ, ಮೇಲಧಿಕಾರಿಯ ಜೊತೆ ತಕರಾರಾದ ದಿನ, ಹಿತ ಎರಡಾಗುತ್ತದೆ. ‘ಬೇರೆ ಕಂಪನಿಗೆ ಹೋಗೋಣ ಅಂತಿದ್ದೀನಿ, ನನ್ನ ಗ್ರೀನ್ ಕಾರ್ಡ್ ಏನಾಗುತ್ತೆ?’ ಎಂದು ಅವರನ್ನು ಕೇಳಿದರೆ ಆ ಮಾತು ಕಂಪನಿಗೆ ತಲುಪದಿರಲಿ ಎಂದು ನಿರೀಕ್ಷಿಸುವಂತಿಲ್ಲ. ಇಬ್ಬರನ್ನೂ ಪ್ರತಿನಿಧಿಸುವವರು ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುವುದು ಸಾಮಾನ್ಯವಾಗಿ ಸಾಧ್ಯವಿಲ್ಲ.

ಅಂಥ ಪ್ರಶ್ನೆಗೆ ಸ್ವಂತ ಹಣದಲ್ಲಿ ಬೇರೆ ವಕೀಲರನ್ನು ಒಂದು ಗಂಟೆಯ ಮಟ್ಟಿಗೆ ಕಾಣಿ. ಕೆಲಸ ಗಟ್ಟಿಯಾಗಿರುವಾಗಲೇ ಕಂಪನಿಯಿಂದ ಕೆಲವು ಕಾಗದಗಳನ್ನು ಕೇಳಿ ಇಟ್ಟುಕೊಳ್ಳಿ: ಐ-797ಗಳ ಪ್ರತಿ, ಐ-140 ಮಂಜೂರಾತಿಯ ಪ್ರತಿ, ಅದು ಕೊಡದಿದ್ದರೆ ರಸೀದಿ ಸಂಖ್ಯೆಯಾದರೂ. ಮೂರು ಅಕ್ಷರ, ಹತ್ತು ಅಂಕಿಯ ಆ ಸಂಖ್ಯೆ ಇದ್ದರೆ ಕೇಸಿನ ಸ್ಥಿತಿಯನ್ನು ನೀವೇ ನೋಡಬಹುದು, ಮುಂದಿನ ಕಂಪನಿಯವರೂ ಅದನ್ನು ಆಧಾರವಾಗಿ ಬಳಸಬಹುದು.

ವೀಸಾ 2030ರವರೆಗೆ ಇದೆ. ಅಲ್ಲಿಯವರೆಗೆ ಇರಬಹುದಲ್ಲವೇ?

ಇರಲಾಗದು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಬಾಗಿಲು ತಟ್ಟಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂದು ಹೇಳುವುದು ಐ-94 ದಾಖಲೆ, ಅದನ್ನು ಬರೆಯುವವರು ವಿಮಾನ ನಿಲ್ದಾಣದ ಗಡಿ ಅಧಿಕಾರಿ. ವೀಸಾ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದರೆ ನೀವು ಕಾನೂನುಬದ್ಧವಾಗಿ ಇದ್ದೀರಿ. ವೀಸಾ ಹತ್ತು ವರ್ಷದ್ದಾಗಿದ್ದರೂ ಐ-94 ಮುಗಿದಿದ್ದರೆ ನಿಮ್ಮ ಅವಧಿ ಮುಗಿದಿದೆ.

ಪ್ರತಿ ಸಲ ಒಳಬಂದ ಮರುದಿನವೇ ಗಡಿ ಇಲಾಖೆಯ ವೆಬ್‌ಸೈಟಿನಿಂದ ಐ-94 ಇಳಿಸಿಕೊಂಡು ತಾರೀಖು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಎಚ್-1ಬಿ ಮಂಜೂರಾತಿ ಇನ್ನೆರಡು ವರ್ಷ ಇದ್ದರೂ ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಐ-94 ಕೊಟ್ಟುಬಿಡಬಹುದು. ಪಾಸ್‌ಪೋರ್ಟನ್ನು ಆಮೇಲೆ ನವೀಕರಿಸಿದ ಮಾತ್ರಕ್ಕೆ ಆ ತಾರೀಖು ತಾನಾಗಿ ಮುಂದೆ ಹೋಗುವುದಿಲ್ಲ. ಇದನ್ನು ಗಮನಿಸದೆ ತಮಗೇ ಗೊತ್ತಿಲ್ಲದಂತೆ ಅವಧಿ ಮೀರಿ ಉಳಿದುಬಿಡುವವರಿದ್ದಾರೆ.

ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 1996ರ ಕಾನೂನಿನ ಪ್ರಕಾರ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದಿದ್ದರೆ 10 ವರ್ಷ ಮತ್ತೆ ಒಳಬರುವಂತಿಲ್ಲ.

ವೀಸಾ ಸಂದರ್ಶನದಲ್ಲಿ ‘214(ಬಿ)’ ಎಂಬ ಚೀಟಿ ಕೊಟ್ಟರು. ಏನರ್ಥ?

ಪ್ರವಾಸಿ ಅಥವಾ ವಿದ್ಯಾರ್ಥಿ ವೀಸಾ ಕೇಳುವ ಪ್ರತಿಯೊಬ್ಬರೂ ಅಮೆರಿಕದಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಅಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡುವ ಹೊಣೆ ಅರ್ಜಿದಾರರದ್ದು. ಅದು ಆಗಲಿಲ್ಲ ಅಂದರೆ 214(ಬಿ). ಇದಕ್ಕೆ ಮೇಲ್ಮನವಿ ಇಲ್ಲ. ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, ಆದರೆ ಪರಿಸ್ಥಿತಿಯಲ್ಲಿ ಏನೂ ಬದಲಾಗದೆ ಮರುವಾರವೇ ಹೋಗಿ ನಿಂತರೆ ಅದೇ ಉತ್ತರ ಸಿಗುವ ಸಂಭವ ಹೆಚ್ಚು. ಇಲ್ಲಿ ವಕೀಲರಿಂದ ಆಗುವುದು ಕಡಿಮೆ, ಅವರು ಸಂದರ್ಶನದ ಕಿಟಕಿಗೆ ನಿಮ್ಮ ಜೊತೆ ಬರುವುದಿಲ್ಲ. ಎಚ್-1ಬಿ, ಕಂಪನಿಯೊಳಗೇ ವರ್ಗವಾಗಿ ಬರುವವರ ಎಲ್-1 ವೀಸಾಗಳಿಗೆ ಈ ಅನುಮಾನದ ನಿಯಮ ಅನ್ವಯಿಸುವುದಿಲ್ಲ.

221(ಜಿ) ಬೇರೆ. ಕಾಗದ ಕಡಿಮೆಯಿದೆ ಅಥವಾ ಇನ್ನಷ್ಟು ಪರಿಶೀಲನೆ ನಡೆಯಬೇಕು ಎಂದು ಅದರ ಅರ್ಥ. ಕೆಲವರದು ವಾರದಲ್ಲಿ ಮುಗಿಯುತ್ತದೆ, ಕೆಲವರದು ತಿಂಗಳುಗಟ್ಟಲೆ ಎಳೆಯುತ್ತದೆ.

ಡಿಎಸ್-160ರಲ್ಲಿ ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಹೆಸರುಗಳನ್ನು ಕೇಳುತ್ತಾರೆ. ಬಿಟ್ಟುಬಿಡದೆ ಬರೆಯಿರಿ. 2025ರಿಂದ ವಿದ್ಯಾರ್ಥಿಗಳು ತಮ್ಮ ಖಾತೆಗಳನ್ನು ಸಾರ್ವಜನಿಕವಾಗಿ ಕಾಣುವಂತೆ ಇಡಬೇಕೆಂಬ ಸೂಚನೆ ಬಂದಿದೆ, ಅದೇ ವರ್ಷದ ಡಿಸೆಂಬರಿನಿಂದ ಎಚ್-1ಬಿ ಮತ್ತು ಅವರ ಕುಟುಂಬದವರ ಎಚ್-4 ಅರ್ಜಿದಾರರಿಗೂ ಅದು ಅನ್ವಯಿಸಿತು. ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸ್‌ನಲ್ಲಿ ವೀಸಾ ನವೀಕರಿಸುವ ಅವಕಾಶ 2025ರ ಸೆಪ್ಟೆಂಬರಿನಿಂದ ಬಹಳ ಕಿರಿದಾಗಿದೆ. ವೀಸಾಕ್ಕೆ ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಅರ್ಜಿ ಹಾಕಬೇಕೆಂದೂ ಆಗಲೇ ಸೂಚಿಸಲಾಯಿತು. ಆದ್ದರಿಂದ ಸ್ಟಾಂಪಿಂಗ್ (ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದು) ಬೇಕಾದ ಪ್ರಯಾಣಕ್ಕೆ ಟಿಕೆಟ್ ತೆಗೆಯುವ ಮೊದಲು ಸಂದರ್ಶನದ ದಿನ ಗಟ್ಟಿಯಾಗಿರಲಿ.

ಅಪ್ಪ ಅಮ್ಮ ಬಂದಿದ್ದಾರೆ. ಇನ್ನೂ ಕೆಲವು ತಿಂಗಳು ಇರಿಸಿಕೊಳ್ಳಬಹುದೇ?

ಬಿ-2ರಲ್ಲಿ (ಪ್ರವಾಸಿ ವೀಸಾ) ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಐ-94 ಮುಗಿಯುವ ಮೊದಲೇ ಐ-539 ಹಾಕಿ, ಯಾಕೆ ಬೇಕು, ಖರ್ಚು ಯಾರದು, ಯಾವಾಗ ವಾಪಸು ಹೋಗುತ್ತಾರೆ ಎಂದು ಬರೆದು ವಿಸ್ತರಣೆ ಕೇಳಬಹುದು. ಒಂದು ಹೆರಿಗೆ, ಒಂದು ಶಸ್ತ್ರಚಿಕಿತ್ಸೆ ಇಂಥ ಕಾರಣಗಳು ಅಧಿಕಾರಿಗೆ ಅರ್ಥವಾಗುತ್ತವೆ. ಆದರೆ ಆರು ತಿಂಗಳಿದ್ದು, ಊರಿಗೆ ಹೋಗಿ ತಿಂಗಳಲ್ಲೇ ಮರಳಿ ಬಂದು ಮತ್ತೆ ಆರು ತಿಂಗಳು ಕೇಳಿದರೆ, ಇವರು ಭೇಟಿಗೆ ಬರುತ್ತಿಲ್ಲ, ವಾಸವೇ ಇದ್ದಾರೆ ಎಂಬ ಅನುಮಾನ ಗಡಿಯಲ್ಲೇ ಹುಟ್ಟುತ್ತದೆ. ವಯಸ್ಸಾದವರು ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಬಂದು ಒಳಕೋಣೆಯಲ್ಲಿ ಪ್ರಶ್ನೆ ಎದುರಿಸುವಂತಾಗಬಾರದು. ಮಕ್ಕಳು ಇದನ್ನು ಮೊದಲೇ ಯೋಚಿಸಬೇಕು.

ಮಗ ಅಥವಾ ಮಗಳು ಅಮೆರಿಕದ ಪೌರರಾಗಿದ್ದು 21 ದಾಟಿದ್ದರೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು, ಅದಕ್ಕೆ ವಾರ್ಷಿಕ ಮಿತಿಯೂ ಸರದಿಯೂ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವ ಮಕ್ಕಳು ತಂದೆತಾಯಿಗೆ ಹಾಕುವಂತಿಲ್ಲ.

ಓದು ಮುಗಿಯಿತು. ಒಪಿಟಿಯಲ್ಲಿ ಏನು ಎಚ್ಚರ ಬೇಕು?

ಒಪಿಟಿ ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡಲು ವಿದ್ಯಾರ್ಥಿಗೆ ಸಿಗುವ ಅನುಮತಿ. ಅದು 12 ತಿಂಗಳು, ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತದ (ಸ್ಟೆಮ್) ಪದವಿಗಳಿಗೆ ಇನ್ನೂ 24 ತಿಂಗಳು. ಮೊದಲ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಸ್ಟೆಮ್ ವಿಸ್ತರಣೆ ಸಿಕ್ಕರೆ ಎರಡೂ ಸೇರಿ 150 ದಿನ. ಹೊಸ ಕೆಲಸ, ಹೊಸ ವಿಳಾಸ ಎಲ್ಲವನ್ನೂ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡುವ ಡಿಎಸ್‌ಒಗೆ ತಿಳಿಸಿ. ಓದುವಾಗಲೇ ಪೂರ್ಣಾವಧಿ ಸಿಪಿಟಿಯನ್ನು (ಪಠ್ಯದ ಭಾಗವಾಗಿ ಮಾಡುವ ಕೆಲಸ) 12 ತಿಂಗಳು ಮಾಡಿದರೆ ಆ ಪದವಿಯ ಮಟ್ಟಕ್ಕೆ ಒಪಿಟಿ ಹೋಗುತ್ತದೆ.

ಡಿಎಸ್‌ಒ ನಿಮಗೆ ಒಳ್ಳೆಯದನ್ನೇ ಬಯಸುತ್ತಾರೆ, ಆದರೆ ಅವರು ಕಾಲೇಜಿನ ಸಿಬ್ಬಂದಿ, ವಕೀಲರಲ್ಲ. ನಿಯಮ ತಪ್ಪಿದೆ ಎಂದು ಅನಿಸಿದರೆ ಮೊದಲು ವಕೀಲರ ಜೊತೆ ಮಾತಾಡಿ. ಕೆಲಸವಿಲ್ಲದೆಯೇ ‘ಕೆಲಸವಿದೆ’ ಎಂದು ಪತ್ರ ಬರೆದುಕೊಡುವ ಕಂಪನಿಗಳ ಬಳಿ ಸುಳಿಯಲೇಬೇಡಿ. ಆ ಒಂದು ಸುಳ್ಳು ಹತ್ತು ವರ್ಷಗಳ ನಂತರ ಗ್ರೀನ್ ಕಾರ್ಡ್ ಸಂದರ್ಶನದಲ್ಲೂ ಎದುರು ಬರಬಹುದು.

ಎಚ್-1ಬಿ ಹೇಗೆ ಸಿಗುತ್ತದೆ?

ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಕಂಪನಿ ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಬೇಕು, ಆಯ್ಕೆಯಾದರೆ ಅರ್ಜಿ, ಮಂಜೂರಾದರೆ ಅಕ್ಟೋಬರ್ 1ರಿಂದ ಕೆಲಸ. 2024ರಿಂದ ಆಯ್ಕೆ ಪಾಸ್‌ಪೋರ್ಟ್ ಆಧಾರದಲ್ಲಿ ನಡೆಯುತ್ತದೆ, ನಾಲ್ಕು ಕಂಪನಿಗಳು ನೋಂದಾಯಿಸಿದರೂ ನೀವು ಒಬ್ಬರೇ.

2025ರ ಸೆಪ್ಟೆಂಬರ್ 19ರ ಅಧ್ಯಕ್ಷರ ಘೋಷಣೆ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಪಾವತಿಯನ್ನು ಹೇರಿತು. ಅದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ನಿಮ್ಮ ಅರ್ಜಿ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದು ನೀವು ಎಲ್ಲಿದ್ದೀರಿ, ಯಾವ ಬಗೆಯ ಅರ್ಜಿ ಎಂಬುದರ ಮೇಲೆ ನಿಂತಿದೆ. ಈ ಪ್ರಶ್ನೆಗೆ ವಾಟ್ಸ್‌ಆ್ಯಪ್ ಗುಂಪಿನ ಉತ್ತರವನ್ನು ನಂಬಿ ವಿಮಾನ ಹತ್ತಬೇಡಿ.

ಕೆಲಸ ಹೋಯಿತು. ಎಷ್ಟು ದಿನ ಇದೆ?

ಹೆಚ್ಚೆಂದರೆ 60 ದಿನ. ಐ-94 ಅದಕ್ಕಿಂತ ಮೊದಲೇ ಮುಗಿದರೆ ಅಷ್ಟೇ. 2017ರಿಂದ ಈ ನಿಯಮವಿದೆ. ಆ ಅವಧಿಯೊಳಗೆ ಹೊಸ ಕಂಪನಿ ಎಚ್-1ಬಿ ಅರ್ಜಿ ಸಲ್ಲಿಸಿದರೆ, ಸಾಮಾನ್ಯವಾಗಿ ಮಂಜೂರಾತಿಗೆ ಕಾಯದೆ ಅಲ್ಲಿ ಕೆಲಸ ಶುರು ಮಾಡಬಹುದು. ಅದು ಕೂಡಿಬರದಿದ್ದರೆ ಸಂಗಾತಿಯ ಎಚ್-4ಕ್ಕೋ, ಬಿ-2ಕ್ಕೋ ಬದಲಿಸಲು ಅರ್ಜಿ ಹಾಕಬಹುದು. ಬಿ-2ಕ್ಕೆ ಹೋದ ಮೇಲೆ ಎಚ್-1ಬಿಗೆ ಮರಳುವ ದಾರಿ ಹೇಗೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ಬದಲಾವಣೆಯ ಅರ್ಜಿ ಬಾಕಿಯಿರುವಾಗ ದೇಶ ಬಿಟ್ಟರೆ ಆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ.

ಮೊದಲ ವಾರದಲ್ಲೇ ವಕೀಲರನ್ನು ಕಾಣಿ. ಆಘಾತದಲ್ಲಿ ಎರಡು ವಾರ ಕಳೆದುಹೋಗುವುದು ಸಹಜ, ಆದರೆ ಆ ಎರಡು ವಾರ ಮರಳಿ ಬರುವುದಿಲ್ಲ. ಅವಧಿ ಮುಗಿಯುವ ಮೊದಲು ಕೆಲಸದಿಂದ ತೆಗೆದ ಕಂಪನಿ ತಾಯ್ನಾಡಿಗೆ ಮರಳುವ ನ್ಯಾಯಯುತ ಪ್ರಯಾಣ ವೆಚ್ಚ ಕೊಡಬೇಕೆಂದು ಎಚ್-1ಬಿ ನಿಯಮ ಹೇಳುತ್ತದೆ. ಕೇಳಿ ಪಡೆಯಿರಿ.

ಎಚ್-4ರಲ್ಲಿರುವ ಸಂಗಾತಿ ಕೆಲಸ ಮಾಡಬಹುದೇ?

ಎಚ್-1ಬಿಯಲ್ಲಿರುವವರ ಐ-140 ಮಂಜೂರಾಗಿದ್ದರೆ ಅಥವಾ ಆರು ವರ್ಷ ದಾಟಿದ ವಿಸ್ತರಣೆಯಲ್ಲಿದ್ದರೆ, 2015ರಿಂದ ಇಎಡಿ (ಕೆಲಸದ ಅನುಮತಿಯ ಕಾರ್ಡ್) ಪಡೆದು ಕೆಲಸ ಮಾಡಬಹುದು. ಮುಂಚೆ ನವೀಕರಣದ ಅರ್ಜಿ ಹಾಕಿದವರಿಗೆ ಹಳೆಯ ಇಎಡಿ ತಾನಾಗಿ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30 ಮತ್ತು ನಂತರ ಹಾಕಿದ ಅರ್ಜಿಗಳಿಗೆ ಆ ಅನುಕೂಲ ಹೋಗಿದೆ. ಹೊಸ ಕಾರ್ಡ್ ಬಾರದಿದ್ದರೆ ಕೆಲಸ ನಿಲ್ಲಿಸಲೇಬೇಕು, ಹಾಗಾಗಿ ಅವಕಾಶ ತೆರೆದ ಮೊದಲ ದಿನವೇ ಅರ್ಜಿ ಹಾಕಿ. ಎಲ್-1ರಲ್ಲಿರುವವರ ಸಂಗಾತಿಗೆ ಐ-94ರಲ್ಲಿ ‘ಎಲ್-2ಎಸ್’ ಎಂದಿದ್ದರೆ ಇಎಡಿ ಬೇಕಿಲ್ಲ.

ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡ್ ಯಾಕೆ ಇಷ್ಟು ತಡ?

ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಸಂಗಾತಿ, ಮಕ್ಕಳು ಸೇರಿಯೇ ಈ ಲೆಕ್ಕ. ಯಾವ ಒಂದು ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯಿದೆ, ಬೇರೆ ದೇಶಗಳವರು ಬಳಸದೆ ಉಳಿದದ್ದು ಮಾತ್ರ ಆಮೇಲೆ ಸಿಗಬಹುದು. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪೌರತ್ವವಲ್ಲ. ಅರ್ಜಿಗಳು ಬೆಟ್ಟದಷ್ಟು, ಜಾಗ ಬೊಗಸೆಯಷ್ಟು. 2025ರಲ್ಲಿ ಉನ್ನತ ಪದವಿಯವರ ಇಬಿ-2 ವರ್ಗದಲ್ಲಿ ಭಾರತದವರ ಸರದಿ ಇನ್ನೂ 2012-13ರ ಅರ್ಜಿಗಳಲ್ಲೇ ಇತ್ತು. ಈ ಕಾಯುವಿಕೆಯಲ್ಲಿ ಮಕ್ಕಳು ಬೆಳೆದು ದೊಡ್ಡವರಾಗುವುದನ್ನು ನೋಡಿದವರಿಗೆ ಇದು ಅಂಕಿಅಂಶದ ಮಾತಾಗಿ ಉಳಿದಿಲ್ಲ.

ಸರದಿಯಲ್ಲಿ ನಿಮ್ಮ ಜಾಗ ಪ್ರಯಾರಿಟಿ ಡೇಟ್, ಅಂದರೆ ಸಾಮಾನ್ಯವಾಗಿ ಪರ್ಮ್ ಸಲ್ಲಿಸಿದ ದಿನ. ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿರುತ್ತವೆ: ಒಂದು ಗ್ರೀನ್ ಕಾರ್ಡ್ ಕೈಗೆ ಬರುವ ಸರದಿ, ಇನ್ನೊಂದು ಐ-485 ಹಾಕಲು ಅನುಮತಿಯ ಸರದಿ. ಆ ತಿಂಗಳು ಯಾವ ಪಟ್ಟಿ ಬಳಸಬೇಕೆಂದು ಯುಎಸ್‌ಸಿಐಎಸ್ ಹೇಳುತ್ತದೆ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸರದಿಯನ್ನು ಬಳಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಾದವರೂ ಇರಬಹುದು, ಆದ್ದರಿಂದ ವಕೀಲರಿಗೆ ಸಂಗಾತಿಯ ಹುಟ್ಟೂರನ್ನೂ ಹೇಳಿ.

ಕಂಪನಿ ಬದಲಿಸಿದರೆ ಪರ್ಮ್, ಐ-140 ಹೊಸದಾಗಿ ಆಗಬೇಕು, ಆದರೆ ಮಂಜೂರಾದ ಐ-140ರ ಹಳೆಯ ದಿನಾಂಕ ಉಳಿಯುತ್ತದೆ. ಮಂಜೂರಾಗಿ 180 ದಿನ ದಾಟಿದ್ದರೆ ಹಳೆಯ ಕಂಪನಿ ಹಿಂದಕ್ಕೆ ಪಡೆದರೂ ಅದರ ಆಧಾರದಲ್ಲಿ ಎಚ್-1ಬಿಯನ್ನು ಆರು ವರ್ಷದ ಆಚೆಗೆ ವಿಸ್ತರಿಸಬಹುದು. ಐ-485 ಹಾಕಿ 180 ದಿನವಾಗಿದ್ದರೆ ಅದೇ ಬಗೆಯ ಕೆಲಸಕ್ಕೆ ಹೋಗಲು ದಾರಿಯಿದೆ.

ಮಗಳಿಗೆ 21 ತುಂಬುತ್ತಿದೆ. ಅವಳು ಸರದಿಯಿಂದ ಹೊರಗೆ ಬೀಳುತ್ತಾಳೆಯೇ?

2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾನೂನು ಐ-140 ಬಾಕಿಯಿದ್ದಷ್ಟು ದಿನಗಳನ್ನು ವಯಸ್ಸಿನಿಂದ ಕಳೆಯುತ್ತದೆ. ಕಳೆದ ಮೇಲೆ 21ಕ್ಕಿಂತ ಕಡಿಮೆ ಬಂದು, ಸರದಿ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಅವಳು ಉಳಿಯುತ್ತಾಳೆ. ಯಾವ ಪಟ್ಟಿಯ ದಿನಾಂಕ ಹಿಡಿದು ವಯಸ್ಸು ಎಣಿಸಬೇಕೆಂಬ ನೀತಿ 2025ರ ಆಗಸ್ಟ್ 15ರಿಂದ ಬದಲಾಗಿ ಹಲವು ಕುಟುಂಬಗಳಿಗೆ ಬಿಗಿಯಾಗಿದೆ. ಮಗುವಿಗೆ 18 ಆದಾಗಲೇ ಈ ಲೆಕ್ಕವನ್ನು ವಕೀಲರಿಂದ ಬರಹದಲ್ಲಿ ಮಾಡಿಸಿಟ್ಟುಕೊಳ್ಳಿ, ಕೊನೆಯ ತಿಂಗಳಿಗೆ ಬಿಡಬೇಡಿ.

ಆರ್‌ಎಫ್‌ಇ ಬಂದರೆ ಅರ್ಜಿ ತಿರಸ್ಕೃತವಾದಂತೆಯೇ?

ಅಲ್ಲ. ಇನ್ನಷ್ಟು ದಾಖಲೆ ಕೊಡಿ ಎಂಬ ಕೋರಿಕೆ. ಉತ್ತರಕ್ಕೆ ಹೆಚ್ಚೆಂದರೆ 84 ದಿನ, ವಿಸ್ತರಣೆ ಇಲ್ಲ, ಕೇಳಿದ್ದೆಲ್ಲವನ್ನೂ ಒಂದೇ ಸಲ ಕೊಡಬೇಕು. ನೋಟಿಸಿನ ಪೂರ್ಣ ಪ್ರತಿಯನ್ನು ಕೇಳಿ ಪಡೆದು ನೀವೇ ಓದಿ. ನಿಮ್ಮ ದಿನನಿತ್ಯದ ಕೆಲಸ ನಿಮಗೆ ಗೊತ್ತಿರುವಷ್ಟು ವಕೀಲರಿಗೆ ಗೊತ್ತಿರುವುದಿಲ್ಲ.

ಪೊಲೀಸ್ ಕೇಸಾಗಿದೆ, ಕ್ರಿಮಿನಲ್ ವಕೀಲರು ‘ಸಣ್ಣದು, ತಪ್ಪೊಪ್ಪಿಕೊಳ್ಳಿ’ ಅನ್ನುತ್ತಿದ್ದಾರೆ.

ಒಪ್ಪಿಕೊಳ್ಳುವ ಮೊದಲು ವಲಸೆ ವಕೀಲರನ್ನು ಕಾಣಿ. ರಾಜ್ಯದ ನ್ಯಾಯಾಲಯದಲ್ಲಿ ಸಣ್ಣ ದಂಡದಲ್ಲಿ ಮುಗಿಯುವ ಅಪರಾಧ ವಲಸೆ ಕಾನೂನಿನಲ್ಲಿ ಗಡೀಪಾರಿಗೆ ಕಾರಣವಾಗಬಹುದು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಅದನ್ನು ಕಕ್ಷಿದಾರರಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಕ್ಕನ್ನು ಕೇಳಿ.

ಇನ್ನೆರಡು ಅಪಾಯಗಳು ನೋಡಲು ಅಪಾಯದಂತೆ ಕಾಣುವುದಿಲ್ಲ. ಹಲವು ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಕೇಂದ್ರ ಕಾನೂನಿನಲ್ಲಿ ಅದು ಇನ್ನೂ ಅಕ್ರಮ, ವಲಸೆಗೆ ಅನ್ವಯಿಸುವುದು ಕೇಂದ್ರ ಕಾನೂನು. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ‘ಮತದಾರರಾಗಿ ನೋಂದಾಯಿಸಲೇ?’ ಎಂದು ಕೇಳಿದಾಗ ಗ್ರೀನ್ ಕಾರ್ಡ್ ಇರುವವರೂ ಬೇಡವೆನ್ನಬೇಕು. ಪೌರರೆಂದು ಸುಳ್ಳು ಹೇಳಿದಂತಾದರೆ ಅದರಿಂದ ಹೊರಬರುವ ದಾರಿ ಬಹಳ ಕಷ್ಟ.

ವಲಸೆ ನ್ಯಾಯಾಲಯದಿಂದ ಕಾಗದ ಬಂದಿದೆ. ಸರ್ಕಾರ ವಕೀಲರನ್ನು ಕೊಡುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಸರ್ಕಾರದ ಖರ್ಚಿನಲ್ಲಿ ಅಲ್ಲ. ವಕೀಲರನ್ನು ಹುಡುಕಲು ಸಮಯ ಬೇಕೆಂದು ನ್ಯಾಯಾಧೀಶರನ್ನು ಕೇಳಬಹುದು. ಏನೇ ಆದರೂ ವಿಚಾರಣೆ ತಪ್ಪಿಸಬೇಡಿ, ಗೈರಾದರೆ ನಿಮ್ಮ ಅನುಪಸ್ಥಿತಿಯಲ್ಲೇ ಗಡೀಪಾರಿನ ಆದೇಶವಾಗಬಹುದು. ಎ-ಸಂಖ್ಯೆ (ನೋಟಿಸಿನಲ್ಲಿರುವ ನಿಮ್ಮ ವಲಸೆ ಗುರುತಿನ ಸಂಖ್ಯೆ) ಹಾಕಿದರೆ ವಿಚಾರಣೆಯ ದಿನ ನ್ಯಾಯಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಕಾಣುತ್ತದೆ, ಅದನ್ನು ಆಗಾಗ ನೋಡುತ್ತಿರಿ. ನ್ಯಾಯಾಲಯಕ್ಕೆ ವಿಳಾಸ ಬದಲಾವಣೆ ತಿಳಿಸುವ ಫಾರಂ ಬೇರೆಯೇ ಇದೆ, ಎಆರ್-11 ಮಾತ್ರ ಸಾಲದು. ಆಶ್ರಯ ಕೋರುವವರು ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ವಿನಾಯಿತಿಗಳು ಕೆಲವೇ.

ಫೋನಿನಲ್ಲಿ ‘ಇಮಿಗ್ರೇಷನ್ ಆಫೀಸ್’ ಎಂದು ಹೇಳಿ ಹಣ ಕೇಳುತ್ತಿದ್ದಾರೆ.

ಮೋಸ. ಫೋನ್ ಇಟ್ಟುಬಿಡಿ. ಯುಎಸ್‌ಸಿಐಎಸ್ ಫೋನಿನಲ್ಲಿ ಹಣವನ್ನೂ ಕೇಳುವುದಿಲ್ಲ, ಗಿಫ್ಟ್ ಕಾರ್ಡನ್ನೂ ಕೇಳುವುದಿಲ್ಲ.

ನನ್ನ ವಕೀಲರು ಫೋನೇ ಎತ್ತುತ್ತಿಲ್ಲ. ಅವರ ತಪ್ಪಿನಿಂದ ಅರ್ಜಿ ಬಿದ್ದುಹೋದರೆ?

ವಕೀಲರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಹೊಸಬರು ಹೊಸ ಜಿ-28 ಹಾಕುತ್ತಾರೆ. ಹಳಬರಿಗೆ ಇಮೇಲ್‌ನಲ್ಲಿ ಬರೆದು ನಿಮ್ಮ ಫೈಲನ್ನು ಕೇಳಿ. ಅವರು ಏನನ್ನೂ ಕೊಡದಿದ್ದರೂ ದಾರಿ ಮುಚ್ಚಿಲ್ಲ: ಮಾಹಿತಿ ಹಕ್ಕಿನ ಕಾನೂನಿನಡಿ ಯುಎಸ್‌ಸಿಐಎಸ್‌ನಿಂದ ನಿಮ್ಮ ಎ-ಫೈಲನ್ನು (ಇಲಾಖೆ ಇಟ್ಟಿರುವ ನಿಮ್ಮ ವಲಸೆ ಕಡತ) ಆನ್‌ಲೈನ್‌ನಲ್ಲಿ ಉಚಿತವಾಗಿ ಕೇಳಬಹುದು.

ಗಡುವು ಮೀರಿಸಿದ್ದು, ಹೇಳದೆ ಅರ್ಜಿ ಹಾಕಿದ್ದು, ಸುಳ್ಳು ಬರೆದದ್ದು, ಇಂಥ ತಪ್ಪಿನಿಂದ ವಲಸೆ ನ್ಯಾಯಾಲಯದಲ್ಲಿ ಕೇಸು ಸೋತಿದ್ದರೆ ಅದನ್ನು ಮತ್ತೆ ತೆರೆಸಲು 1988ರ ಲೊಝಾಡಾ ತೀರ್ಪು ಕ್ರಮವನ್ನು ಹಾಕಿಕೊಟ್ಟಿದೆ. ವಕೀಲರ ಜೊತೆ ಏನು ಒಪ್ಪಂದವಾಗಿತ್ತು, ಅವರು ಏನು ಮಾಡಿದರು ಅಥವಾ ಮಾಡಲಿಲ್ಲ ಎಂದು ಪ್ರಮಾಣಪತ್ರ ಬರೆಯಬೇಕು. ಆ ವಕೀಲರಿಗೆ ಆರೋಪ ತಿಳಿಸಿ ಉತ್ತರಿಸಲು ಅವಕಾಶ ಕೊಡಬೇಕು. ರಾಜ್ಯದ ಬಾರ್‌ಗೆ ದೂರು ಕೊಡಬೇಕು, ಕೊಡದಿದ್ದರೆ ಯಾಕೆಂದು ವಿವರಿಸಬೇಕು. ಒಪ್ಪಂದದ ಕಾಗದ, ಹಣದ ರಸೀದಿ, ಕಳುಹಿಸಿದ ಇಮೇಲ್‌ಗಳು ಇವೆಲ್ಲಕ್ಕೂ ಆಧಾರ. ಇಂಥ ಮನವಿಗೂ ಗಡುವಿದೆ, ಸಾಮಾನ್ಯವಾಗಿ ಅಂತಿಮ ಆದೇಶವಾದ ದಿನದಿಂದ 90 ದಿನ. ತಪ್ಪು ಗೊತ್ತಾದ ವಾರದಲ್ಲೇ ಇನ್ನೊಬ್ಬ ವಕೀಲರಿಗೆ ಫೈಲ್ ತೋರಿಸಿ.